ಅರೆಮಂಡಿ ಉಳಿಸಿಕೊಳ್ಳಲೇ, ಆ ಮಕ್ಕಳ ಬಳಿಗೆ ಹೋಗಲೇ?

ಪ್ರಶ್ನೆ: ನನಗೆ 26 ವರ್ಷ. ಏಳನೆಯ ವಯಸ್ಸಿನಿಂದ ಒಬ್ಬರೇ ಗುರುಗಳ ಬಳಿ ಭರತನಾಟ್ಯ ಕಲಿತು ವಿದ್ವತ್ ಪರೀಕ್ಷೆ ಮುಗಿಸಿದ್ದೇನೆ. ನಾಲ್ಕು ವರ್ಷದ ಹಿಂದೆ ರಂಗಪ್ರವೇಶವಾಯಿತು. ಅದಕ್ಕೆಂದು ತಂದೆ ಸಹಕಾರ ಸಂಘದಲ್ಲಿ ಮಾಡಿದ ಸಾಲದ ಕಂತು ಇನ್ನೂ ತೀರಿಲ್ಲ. ಗುರುಗಳ ತಂಡದಲ್ಲಿ ನರ್ತಿಸುತ್ತೇನೆ, ಸಂಜೆ ಅವರ ಕಿರಿಯ ಶಿಷ್ಯರಿಗೆ ಪಾಠ ಹೇಳುತ್ತೇನೆ. ಎರಡು ವರ್ಷದಿಂದ ವಾರಕ್ಕೆರಡು ದಿನ ನಮ್ಮೂರಿನ ವಿಶೇಷ ಶಾಲೆಗೆ ಹೋಗಿ ಅಲ್ಲಿನ ಮಕ್ಕಳಿಗೆ ನೃತ್ಯ ಕಲಿಸುತ್ತಿದ್ದೇನೆ. ಡೌನ್ ಸಿಂಡ್ರೋಮ್ ಇರುವ 13 ವರ್ಷದ ಹುಡುಗನಿಗೆ ಅರೆಮಂಡಿಯಲ್ಲಿ (ಮೊಣಕಾಲುಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕೂರುವ ನಿಲುವಿನಲ್ಲಿ) ಮೊಣಕಾಲು ಒಳಕ್ಕೇ ಬೀಳುತ್ತದೆ, ಆದರೂ ಅವನು ಬಿಡುವುದಿಲ್ಲ. ಆಟಿಸಂ ಇರುವ ಹುಡುಗಿ ತಟ್ಟುಕಳಿಯ (ತಾಳಕ್ಕೆ ಮರದ ಹಲಗೆಯ ಮೇಲೆ ಬಡಿಯುವ ಕೋಲಿನ) ಸದ್ದು ಬಂದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಾಳೆ. ಈ ಸಲದ ವಾರ್ಷಿಕೋತ್ಸವದಲ್ಲಿ ನಾನು ಪರದೆಯ ಮರೆಯಲ್ಲಿ ನಿಂತು ಹೆಜ್ಜೆ ತೋರಿಸುತ್ತಿದ್ದೆ. ಆ ಹುಡುಗ ಸಭಿಕರಿಗೆ ಬೆನ್ನು ಮಾಡಿ ನನ್ನನ್ನೇ ನೋಡುತ್ತಾ ಕುಣಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನನಗೆ ಅಳು ಬಂತು. ಈಗ ಶಾಲೆಯವರು ತಿಂಗಳಿಗೆ 14,000 ರೂಪಾಯಿ ಕೊಟ್ಟು ಪೂರ್ಣಾವಧಿಗೆ ಕರೆಯುತ್ತಿದ್ದಾರೆ. 'ಅಲ್ಲಿಗೆ ಹೋದರೆ ನಿನ್ನ ಅರೆಮಂಡಿ ಹೋಗುತ್ತದೆ' ಎಂದು ಗುರುಗಳು ಮುನಿಸಿಕೊಂಡಿದ್ದಾರೆ. ತಂದೆ ಏನೂ ಹೇಳುತ್ತಿಲ್ಲ, ಅದೇ ಹೆಚ್ಚು ಕಷ್ಟವಾಗಿದೆ. ಏನು ಮಾಡಲಿ?
— ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಪತ್ರ ನಾಲ್ಕು ಪುಟಗಳದ್ದು, ಮೇಲಿರುವುದು ಅದರ ಸಾರ ಮಾತ್ರ. ಅದರಲ್ಲಿ ಮೂರೂವರೆ ಪುಟ ಗುರುಗಳು, ತಂದೆ, ನೆಂಟರು ಏನೆಂದುಕೊಳ್ಳುತ್ತಾರೆ ಎಂಬುದಕ್ಕೆ ಹೋಗಿದೆ, ಮಕ್ಕಳಿಗೆ ಸಿಕ್ಕಿರುವುದು ಅರ್ಧ ಪುಟ. ಆದರೆ ಆ ಅರ್ಧ ಪುಟದಲ್ಲಿ ನೀವು 'ದೇವರ ಮಕ್ಕಳು' ಎಂದಾಗಲೀ 'ಮುಗ್ಧ ನಗು' ಎಂದಾಗಲೀ ಒಮ್ಮೆಯೂ ಬರೆದಿಲ್ಲ. ಹುಡುಗನ ಮೊಣಕಾಲು ಯಾವ ಕಡೆಗೆ ಬೀಳುತ್ತದೆ, ಹುಡುಗಿ ಯಾವ ಸದ್ದಿಗೆ ಓಡುತ್ತಾಳೆ ಎಂದು ಬರೆದಿದ್ದೀರಿ. ಅದು ನೃತ್ಯ ಶಿಕ್ಷಕಿಯ ಕಣ್ಣು. ನಿಮಗೆ ಈ ಕೆಲಸದ ಯೋಗ್ಯತೆ ಇದೆಯೇ ಎಂಬ ಅನುಮಾನ ನನಗಿಲ್ಲ; ಯಾವ ಕರಾರಿನ ಮೇಲೆ, ಎಷ್ಟು ಸಿದ್ಧತೆಯೊಂದಿಗೆ ಹೋಗುತ್ತೀರಿ ಎಂಬುದಷ್ಟೇ ನನ್ನ ಚಿಂತೆ.

ಮೊದಲು ಆ ಚಪ್ಪಾಳೆಯ ವಿಷಯ. ಅಂದು ನಿಮಗೆ ಬಂದ ಅಳು ಸಂತೋಷದ್ದೆಂದು ನೀವು ಬರೆದಿಲ್ಲ, ಸಂಕಟದ್ದೆಂದೂ ಬರೆದಿಲ್ಲ. ಎರಡೂ ಬೆರೆತಿತ್ತು ಎಂದು ನನ್ನ ಊಹೆ: ಸಭಿಕರು ಅವನ ಹೆಜ್ಜೆಗೆ ಚಪ್ಪಾಳೆ ತಟ್ಟುತ್ತಿಲ್ಲ, ಅವನ ಮೇಲಿನ ಕನಿಕರಕ್ಕೆ ತಟ್ಟುತ್ತಿದ್ದಾರೆ ಎಂಬುದು ನಿಮಗೆ ಗೊತ್ತಾಗಿರಬೇಕು. ಆದರೆ ಒಂದು ಮಾತು ಕೇಳುತ್ತೇನೆ. ನೀವೇಕೆ ಪರದೆಯ ಮರೆಯಲ್ಲಿ ನಿಂತಿರಿ? ಯಾವುದೇ ಭರತನಾಟ್ಯ ಕಾರ್ಯಕ್ರಮದಲ್ಲಿ ನಟುವಾಂಗ ಮಾಡುವವರು, ಎಂದರೆ ತಾಳ ಹಾಕಿ ನೃತ್ಯ ನಡೆಸುವವರು, ತಾಳ ಹಿಡಿದು ವೇದಿಕೆಯ ಒಂದು ಪಕ್ಕದಲ್ಲಿ, ಎಲ್ಲರ ಕಣ್ಣೆದುರಿಗೇ ಕೂರುತ್ತಾರಲ್ಲವೇ? ನಿಮ್ಮ ರಂಗಪ್ರವೇಶದಲ್ಲಿ ಗುರುಗಳು ಕೂತಿದ್ದರು, ನೀವು ತಪ್ಪಿದಾಗ ಅವರ ಕಡೆಗೊಂದು ನೋಟ ಹಾಯಿಸಿಯೂ ಇರುತ್ತೀರಿ. ಮುಂದಿನ ಸಲ ಅದೇ ಜಾಗದಲ್ಲಿ, ಅದೇ ಗತ್ತಿನಿಂದ ನೀವು ಕುಳಿತುಕೊಳ್ಳಿ. ಮಕ್ಕಳು ನಿಮ್ಮ ಕಡೆ ತಿರುಗಿದರೆ ಅದು ಪರಂಪರೆಯೊಳಗಿನ ಸಂಗತಿಯೇ ಆಗುತ್ತದೆ, ನ್ಯೂನತೆಯಾಗಿ ಕಾಣುವುದಿಲ್ಲ. ಎದುರು ನಿಂತು ಹೆಜ್ಜೆ ತೋರಿಸಲೇಬೇಕಾದರೆ ಕನ್ನಡಿಯಂತೆ ಎಡಬಲ ಅದಲುಬದಲು ಮಾಡಿಯೇ ತೋರಿಸಿ. ಇಂಥ ತರಗತಿಗಳಲ್ಲಿ ಅರ್ಧಕ್ಕರ್ಧ ಗೊಂದಲ ಹುಟ್ಟುವುದು ಅಲ್ಲೇ.

ಇನ್ನು ಸಿದ್ಧತೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸ್ನಾಯುಗಳ ಬಿಗಿ ಕಡಿಮೆ, ಕೀಲುಗಳನ್ನು ಹಿಡಿದಿಡುವ ಕಟ್ಟುಗಳು ಸಡಿಲ, ಪಾದ ಸಾಮಾನ್ಯವಾಗಿ ಚಪ್ಪಟೆ. ಆ ಹುಡುಗನ ಮೊಣಕಾಲು ಒಳಕ್ಕೆ ಬೀಳುವುದು ಅಭ್ಯಾಸ ಸಾಲದೆ ಅಲ್ಲ, ಅವನ ದೇಹದ ರಚನೆಯೇ ಹಾಗೆ. ನಮ್ಮನ್ನು ಅರೆಮಂಡಿಗೆ ಕೂರಿಸಿದ ಹಾಗೆ ಬೆನ್ನಿಗೆ ಕೋಲು ತಾಗಿಸಿ ಅವನನ್ನು ಕೂರಿಸಲಾಗದು. ಮೊಣಕಾಲು ಪಾದದ ನೇರಕ್ಕೆ ನಿಲ್ಲುವಷ್ಟು ಮಾತ್ರ ಬಾಗಲಿ, ಅವನ ಅರೆಮಂಡಿ ಅಷ್ಟೇ ಎಂದು ನೀವು ಮೊದಲು ಒಪ್ಪಿಕೊಳ್ಳಬೇಕು. ಇದಕ್ಕಿಂತ ಮುಖ್ಯವಾದದ್ದು ಕತ್ತು. ಈ ಮಕ್ಕಳಲ್ಲಿ ಕೆಲವರಿಗೆ ಕತ್ತಿನ ಮೇಲ್ಭಾಗದ ಎರಡು ಎಲುಬುಗಳ ನಡುವಿನ ಕೀಲು ಅಸ್ಥಿರವಾಗಿರುತ್ತದೆ. ರಭಸವಾಗಿ ತಲೆ ಬಾಗಿಸಿದರೆ, ಲಾಗ ಹಾಕಿಸಿದರೆ ಬೆನ್ನುಹುರಿಗೇ ಪೆಟ್ಟಾಗಬಹುದು. ಆದ್ದರಿಂದ ಗ್ರೀವಾಭೇದವನ್ನಾಗಲೀ (ನೃತ್ಯದ ಕತ್ತಿನ ಚಲನೆಗಳನ್ನಾಗಲೀ) ಕತ್ತಿಗೆ ಜರ್ಕ್ ಕೊಡುವ ಯಾವುದನ್ನೇ ಆಗಲೀ ವೈದ್ಯರನ್ನು ಕೇಳದೆ ಮಾಡಿಸಬೇಡಿ. ನಡಿಗೆ ಇದ್ದಕ್ಕಿದ್ದಂತೆ ಬದಲಾದರೆ, ತಲೆ ಒಂದೇ ಪಕ್ಕಕ್ಕೆ ವಾಲಿದರೆ, ಕತ್ತು ನೋವೆಂದರೆ ಅಂದೇ ಪಾಠ ನಿಲ್ಲಿಸಿ ಪೋಷಕರಿಗೆ ತಿಳಿಸಬೇಕು. ಹುಟ್ಟಿನಿಂದ ಬರುವ ಹೃದಯದ ತೊಂದರೆಯೂ ಇವರಲ್ಲಿ ಸಾಮಾನ್ಯ. ಈ ಎರಡು ವರ್ಷದಲ್ಲಿ ಶಾಲೆಯವರು ಯಾವುದಾದರೂ ಮಗುವಿನ ವೈದ್ಯಕೀಯ ಕಡತವನ್ನು ನಿಮಗೆ ತೋರಿಸಿದ್ದಾರೆಯೇ? ಇಲ್ಲವಾದರೆ ಸಂಬಳದ ಮಾತಿಗಿಂತ ಮೊದಲು ಅದನ್ನು ಕೇಳಿ.

ಕಿವಿ ಮುಚ್ಚಿಕೊಂಡು ಓಡುವ ಹುಡುಗಿಯದು ಹಟವೆಂದು ನೀವೂ ಎಣಿಸಿಲ್ಲ. ಆಟಿಸಂ ಇರುವ ಅನೇಕರಿಗೆ ಮರಕ್ಕೆ ಮರ ಬಡಿಯುವ ಸದ್ದು ನಮಗೆ ಕೇಳಿಸುವಂತೆ ಕೇಳಿಸುವುದಿಲ್ಲ, ಚುಚ್ಚುತ್ತದೆ. ತಟ್ಟುಕಳಿಯ ಕೋಲಿಗೆ ಬಟ್ಟೆ ಸುತ್ತಿ, ಅಥವಾ ಸುಮ್ಮನೆ ತೊಡೆ ತಟ್ಟಿ ತಾಳ ಕೊಡಿ. ತರಗತಿ ಪ್ರತಿ ದಿನವೂ ಒಂದೇ ನಮಸ್ಕಾರದಿಂದ ಶುರುವಾಗಿ ಒಂದೇ ನಮಸ್ಕಾರದಲ್ಲಿ ಮುಗಿಯಲಿ, ನಡುವೆ ಏನೇನಿದೆ ಎಂಬುದು ಗೋಡೆಯ ಮೇಲೆ ಚಿತ್ರಗಳ ಸಾಲಾಗಿ ಇರಲಿ. ಮುಂದೇನು ಬರುತ್ತದೆ ಎಂದು ತಿಳಿದರೆ ಆ ಮಗುವಿನ ಅರ್ಧ ಭಯ ಇಳಿಯುತ್ತದೆ. ಅದೇ ತಟ್ಟುಕಳಿ ಕಿವಿ ಕೇಳದ ಮಕ್ಕಳಿಗೆ ವರವಾಗುತ್ತದೆ, ಆದರೆ ಮರದ ನೆಲವಿದ್ದರೆ ಮಾತ್ರ. ಗ್ರಾನೈಟ್ ಹಾಸಿದ ಕೊಠಡಿಯಲ್ಲಿ ಆ ಕಂಪನ ಅಂಗಾಲಿಗೆ ತಿಳಿಯುವುದು ಕಷ್ಟ. ಸೆರೆಬ್ರಲ್ ಪಾಲ್ಸಿ ಇರುವ ಮಗು ಹಠಾತ್ ಸದ್ದಿಗೆ ಬೆಚ್ಚಿ ಮೈಯೆಲ್ಲ ಬಿಗಿ ಮಾಡಿಕೊಳ್ಳಬಹುದು. ಒಂದೇ ಕೊಠಡಿಯಲ್ಲಿ ಈ ಮೂವರೂ ಇರುತ್ತಾರೆ. ನಿಮ್ಮ ವಿದ್ವತ್ ಪಠ್ಯದಲ್ಲಿ ಇದಾವುದೂ ಇರಲಿಲ್ಲ. ಕೈಹಿಡಿದು ಹಸ್ತ ತಿದ್ದುವ ಮುನ್ನ ಮಗುವನ್ನು ಕೇಳುವ ಅಭ್ಯಾಸವೂ ನಮ್ಮ ತರಗತಿಗಳಲ್ಲಿಲ್ಲ. ಮೈ ಮುಟ್ಟಿದರೆ ಬೇಡವೆನ್ನಲು ಮಾತು ಬಾರದ ಮಕ್ಕಳಿರುವಲ್ಲಿ ಅದು ಸೌಜನ್ಯದ ಪ್ರಶ್ನೆಯಷ್ಟೇ ಅಲ್ಲ, ರಕ್ಷಣೆಯ ಪ್ರಶ್ನೆ.

ಹುದ್ದೆಯ ಹೆಸರನ್ನೂ ಸ್ಪಷ್ಟ ಮಾಡಿಕೊಳ್ಳಿ. ನಿಮ್ಮನ್ನು ನೃತ್ಯ ಶಿಕ್ಷಕಿಯಾಗಿ ಕರೆದು, ಬರಬರುತ್ತಾ ತರಗತಿಯ ಪೂರ್ತಿ ಹೊಣೆ ಹೊರಿಸುವ ಸಂಭವವಿದೆ. ವಿಶೇಷ ಶಿಕ್ಷಕಿಯಾಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ಒಂದೊಂದಕ್ಕೂ ಬೇರೆ ಬೇರೆ ತಿಳಿವಳಿಕೆ ಬೇಕು. ಶ್ರವಣದೋಷವುಳ್ಳ ಮಕ್ಕಳ ಶಿಕ್ಷಣದಲ್ಲಿ ಆಸಕ್ತಿ ಹುಟ್ಟಿದರೆ ನಿಮಗೆ ಮೈಸೂರು ದೂರವೇನಲ್ಲ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಲ್ಲೇ ಮಾನಸಗಂಗೋತ್ರಿಯಲ್ಲಿದೆ. 'ನೃತ್ಯ ಚಿಕಿತ್ಸಕಿ' ಎಂಬ ಹಣೆಪಟ್ಟಿಯನ್ನಂತೂ ಈಗಲೇ ಹಚ್ಚಿಕೊಳ್ಳಬೇಡಿ, ಶಾಲೆಯ ಕರಪತ್ರದಲ್ಲಿ ಹಾಕಿಸಲೂ ಬಿಡಬೇಡಿ. ಚಿಕಿತ್ಸೆ ಬೇರೆಯೇ ತರಬೇತಿ. ಬೆಂಗಳೂರಿನ ನೃತ್ಯ ಚಿಕಿತ್ಸಕಿ ತ್ರಿಪುರಾ ಕಶ್ಯಪ್, ಚೆನ್ನೈನ ನೃತ್ಯಶಾಲೆ ಕಲಾಕ್ಷೇತ್ರದಲ್ಲಿ ಕಲಿತ ಮೇಲೆ ಅಮೆರಿಕಕ್ಕೆ ಹೋಗಿ ಆ ತರಬೇತಿಯನ್ನು ಪ್ರತ್ಯೇಕವಾಗಿಯೇ ಪಡೆದು ಬಂದವರು. ಆನೇಕಲ್ಲಿನ ಸೈಯದ್ ಸಲ್ಲಾವುದ್ದೀನ್ ಪಾಷಾ ಗಾಲಿಕುರ್ಚಿಯಲ್ಲಿರುವವರಿಂದ ಭರತನಾಟ್ಯ ಮಾಡಿಸಿ ದೊಡ್ಡ ವೇದಿಕೆಗಳಿಗೆ ಕರೆತಂದರು. ನಿಮ್ಮ ನೆಂಟರು ಭಾವಿಸಿರುವಂತೆ ಇದು ನೃತ್ಯ ಬಿಟ್ಟವರು ಸೇರುವ ಜಾಗವಲ್ಲ.

ಗುರುಗಳ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಮುನಿಸೆಂದು ತಳ್ಳಿಹಾಕಬೇಡಿ. ದಿನವಿಡೀ ಮಕ್ಕಳೊಂದಿಗೆ ನೆಲದ ಮೇಲೆ ಕೂತು, ಎದ್ದು, ಹಿಡಿದು, ಎತ್ತಿ ದಣಿದ ಮೇಲೆ ಸಂಜೆ ಯಾರೂ ಅಡವು (ಮೂಲ ಹೆಜ್ಜೆಗಳ) ಸಾಧನೆ ಮಾಡುವುದಿಲ್ಲ. ಮೊದಲ ತಿಂಗಳು ಮಾಡುತ್ತೀರಿ, ಆಮೇಲೆ ನಾಳೆ ಮಾಡೋಣ ಎನ್ನುತ್ತೀರಿ. ಹಾಗಾಗಿ ಪೂರ್ಣಾವಧಿಯನ್ನು ಈ ವರ್ಷ ಒಪ್ಪಿಕೊಳ್ಳಬೇಡಿ ಎನ್ನುವುದು ನನ್ನ ಸಲಹೆ. ವಾರಕ್ಕೆ ಮೂರು ದಿನ, ಬೆಳಗ್ಗೆ ಹತ್ತರ ನಂತರ, ಒಂದು ವರ್ಷದ ಮಟ್ಟಿಗೆ ಎಂದು ಕೇಳಿ, ಬರೆಸಿಕೊಳ್ಳಿ. ಹತ್ತರ ಮುಂಚಿನ ಎರಡು ಗಂಟೆ ನಿಮ್ಮ ಸಾಧನೆಗೆ, ಸಂಜೆ ಗುರುಗಳ ತರಗತಿ ಈಗಿನಂತೆಯೇ. ಪೂರ್ಣಾವಧಿ ಎಂದರೆ ವಾರಕ್ಕೆ ಐದು ದಿನ ಎಂದು ಹಿಡಿದರೆ, ದಿನದ ಲೆಕ್ಕದಲ್ಲಿ 14,000ಕ್ಕೆ ಎಂಟೂವರೆ ಸಾವಿರದ ಹತ್ತಿರ ಬರುತ್ತದೆ, ಒಂಬತ್ತು ಕೇಳಿ. ಸಂಜೆಯ ಪಾಠದಿಂದ ಬರುವುದನ್ನೂ ಸೇರಿಸಿದರೆ ಕಂತಿಗೆ ಎಷ್ಟು ಕೊಡಬಲ್ಲಿರಿ ಎಂದು ಒಂದು ಹಾಳೆಯಲ್ಲಿ ಬರೆದು ತಂದೆಯ ಮುಂದಿಡಿ. ಅವರ ಮೌನ ನಿಮ್ಮ ಆಯ್ಕೆಯ ಮೇಲಿನ ಕೋಪವೆಂದು ನೀವು ತಿಳಿದಿದ್ದೀರಿ. ಸಾಲದ ಮಾತೆತ್ತಿದರೆ ಮಗಳಿಗೆ ಭಾರವಾದೀತು ಎಂದು ಅವರು ಬಾಯಿ ಕಟ್ಟಿಕೊಂಡಿರಲೂಬಹುದು. ಹಾಳೆ ಕೈಗೆ ಬಂದರೆ ಮಾತಾಡಲು ಅವರಿಗೂ ಒಂದು ನೆಪ ಸಿಗುತ್ತದೆ.

ಗುರುಗಳ ಬಳಿ ಅಪ್ಪಣೆ ಕೇಳಲು ಹೋಗಬೇಡಿ, ವಾದಕ್ಕೂ ಹೋಗಬೇಡಿ. ಒಳಕ್ಕೆ ಬೀಳುವ ಮೊಣಕಾಲನ್ನು ಹೇಗೆ ನಿಲ್ಲಿಸುವುದೆಂದು ನಿಮಗಿಂತ ಹೆಚ್ಚು ಶಿಷ್ಯರಲ್ಲಿ ನೋಡಿ ಬಲ್ಲವರು ಅವರು. ಆ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ, ಒಂದು ಬೆಳಗ್ಗೆ ಶಾಲೆಗೆ ಬರಬೇಕೆಂದು ಕೇಳಿಕೊಳ್ಳಿ. ಬಂದರೆ ನಟುವಾಂಗದ ಜಾಗದಲ್ಲಿ ಅವರನ್ನೇ ಕೂರಿಸಿ ತಟ್ಟುಕಳಿ ಕೊಡಿ. ಕೋಲಿಗೆ ಬಟ್ಟೆ ಸುತ್ತಿಯೇ ಕೊಡಿ, ಏಕೆಂದು ಅವರೇ ಕೇಳಲಿ.