ಓದುಗರ ಪ್ರಶ್ನೆಗೆ ಉತ್ತರ: ಜಿಗಿದವರು ನೆಲ ಮುಟ್ಟುವ ತನಕ

ಪ್ರಶ್ನೆ: ಸ್ಕೈಡೈವಿಂಗ್ (ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುವುದು) ನಡೆಯುವ ಕಡೆ ಬೇರೆ ವಿಮಾನಗಳೂ ಹಾರುತ್ತಿರುತ್ತವೆ. ಪೈಲಟ್ ಹುಷಾರಾಗಿ ನೋಡಿಕೊಂಡು ಹೋದರೆ ಸಾಲದೇ?

ಉತ್ತರ: ಸಾಲದು. ಹೊಟ್ಟೆ ಕೆಳಗೆ ಮಾಡಿಕೊಂಡು ಬೀಳುವ ಸ್ಕೈಡೈವರ್ ಗಂಟೆಗೆ 190ರಿಂದ 200 ಕಿ.ಮೀ. ವೇಗದಲ್ಲಿರುತ್ತಾರೆ. ಅಂದರೆ ಸೆಕೆಂಡಿಗೆ ಸುಮಾರು 54 ಮೀಟರ್. ತಲೆ ಕೆಳಗಾಗಿ ಬೀಳುವವರು 250 ಕಿ.ಮೀ. ದಾಟುತ್ತಾರೆ. ಅಷ್ಟು ವೇಗದಲ್ಲಿ ಬರುವ ದೇಹ ಒಂದು ಕಿ.ಮೀ. ದೂರದಿಂದ ಎಷ್ಟು ಕಾಣುತ್ತದೆ ಗೊತ್ತೇ? ತೋಳು ಚಾಚಿ ಒಂದು ಸ್ಕೇಲ್ ಹಿಡಿದು ನೋಡಿ, ಅದರ ಮೇಲಿನ ಒಂದು ಮಿಲಿಮೀಟರ್‌ನಷ್ಟು. ಅದೂ ಬರುವುದು ಮೇಲಿನಿಂದ, ವಿಮಾನದ ಚಾವಣಿಯೋ ರೆಕ್ಕೆಯೋ ಅಡ್ಡವಾಗಿರುವ ದಿಕ್ಕಿನಿಂದ. ಡಿಕ್ಕಿಯ ಮುನ್ಸೂಚನೆ ಕೊಡುವ ಉಪಕರಣ ಇನ್ನೊಂದು ವಿಮಾನದಲ್ಲಿರುವ, ರೇಡಿಯೊ ಸಂಕೇತಕ್ಕೆ ತಾನೇ ಉತ್ತರಿಸುವ ಯಂತ್ರವಾದ ಟ್ರಾನ್ಸ್‌ಪಾಂಡರ್ ಕೊಡುವ ಉತ್ತರವನ್ನು ನಂಬಿಕೊಂಡಿದೆ. ಮನುಷ್ಯನ ಬೆನ್ನಲ್ಲಿ ಟ್ರಾನ್ಸ್‌ಪಾಂಡರ್ ಇರುವುದಿಲ್ಲ. ಹಾಗಾಗಿ ಇಲ್ಲಿ ಕಾಪಾಡುವುದು ಕಣ್ಣಲ್ಲ. ಯಾರು, ಎಲ್ಲಿ, ಎಷ್ಟು ಹೊತ್ತಿನ ತನಕ ಗಾಳಿಯಲ್ಲಿರುತ್ತಾರೆ ಎಂಬುದು ಎಲ್ಲರಿಗೂ ಮುಂಚೆಯೇ ಗೊತ್ತಿರಬೇಕು.

ಪ್ರಶ್ನೆ: ಅದನ್ನು ಮುಂಚೆ ತಿಳಿಸುವುದು ಹೇಗೆ?

ಉತ್ತರ: ಮೊದಲನೆಯದು ನೋಟಮ್, ಅಂದರೆ ಪೈಲಟ್‌ಗಳಿಗಾಗಿ ಹೊರಡಿಸುವ ಸೂಚನೆ. ಜಿಗಿತದ ಜಾಗ, ಅದರ ಸುತ್ತಲಿನ ವೃತ್ತದ ತ್ರಿಜ್ಯ, ಗರಿಷ್ಠ ಎತ್ತರ, ಶುರುವಾಗುವ ಮತ್ತು ಮುಗಿಯುವ ವೇಳೆ ಅದರಲ್ಲಿರಬೇಕು. ಕಾಯಂ ಡ್ರಾಪ್ ಜೋನ್‌ಗಳನ್ನು, ಅಂದರೆ ಜಿಗಿತ ನಡೆಯುವ ಜಾಗಗಳನ್ನು, ವಿಮಾನಯಾನದ ನಕ್ಷೆಗಳಲ್ಲಿ ಪ್ಯಾರಾಚೂಟ್ ಚಿಹ್ನೆಯಿಂದ ಗುರುತಿಸಿರುತ್ತಾರೆ. ದೇಶದಿಂದ ದೇಶಕ್ಕೆ ನಿಯಮ ಬೇರೆ. ಅಮೆರಿಕದಲ್ಲಿ ನಿಯಂತ್ರಿತವಲ್ಲದ, ಅಂದರೆ ವಿಮಾನ ಸಂಚಾರದ ಕಂಟ್ರೋಲರ್ ನೋಡಿಕೊಳ್ಳದ ಆಕಾಶಕ್ಕೆ ಜಿಗಿತದ ಮಾಹಿತಿಯನ್ನು ಕನಿಷ್ಠ 1 ಗಂಟೆ ಮೊದಲು ಕೊಡಬೇಕು, 24 ಗಂಟೆಗಿಂತ ಮೊದಲೂ ಕೊಡುವಂತಿಲ್ಲ. ನಿಯಂತ್ರಿತ ಆಕಾಶದಲ್ಲಾದರೆ ಜಿಗಿತಕ್ಕೆ ಕನಿಷ್ಠ 5 ನಿಮಿಷ ಮೊದಲೇ ಪೈಲಟ್ ಕಂಟ್ರೋಲರ್ ಜೊತೆ ರೇಡಿಯೊ ಸಂಪರ್ಕದಲ್ಲಿರಬೇಕು, ಸುತ್ತಮುತ್ತ ಯಾವ ವಿಮಾನಗಳಿವೆ ಎಂದು ಕೇಳಿಕೊಳ್ಳಬೇಕು.

ಇಲ್ಲಿ ಪದೇ ಪದೇ ಆಗುವ ತಪ್ಪು ಎತ್ತರದ ಲೆಕ್ಕದ್ದು. ಸ್ಕೈಡೈವರ್ ತನ್ನ ಆಲ್ಟಿಮೀಟರನ್ನು (ಎತ್ತರ ತೋರಿಸುವ ಮಾಪಕ) ಇಳಿಯುವ ನೆಲಕ್ಕೆ ಸೊನ್ನೆ ಮಾಡಿಕೊಂಡಿರುತ್ತಾನೆ. ಪೈಲಟ್ ಮತ್ತು ಕಂಟ್ರೋಲರ್ ಸಮುದ್ರಮಟ್ಟದ ಲೆಕ್ಕದಲ್ಲಿ ಮಾತಾಡುತ್ತಾರೆ. ನೆಲವೇ 3,000 ಅಡಿ ಎತ್ತರದಲ್ಲಿದ್ದರೆ, ಜಿಗಿಯುವವನ 13,000 ಅಡಿ ಕಂಟ್ರೋಲರ್‌ಗೆ 16,000 ಅಡಿ. ಯಾವ ಲೆಕ್ಕ ಎಂದು ಹೇಳದೆ ಬರೀ ಅಂಕಿ ಹೇಳಿದರೆ 3,000 ಅಡಿಯಷ್ಟು ಆಕಾಶ ಯಾರ ಗಮನದಲ್ಲೂ ಇರುವುದಿಲ್ಲ.

ಎಲ್ಲ ಅನುಮತಿ ಸಿಕ್ಕ ಮೇಲೂ, ಬಾಗಿಲು ತೆಗೆದಾಗ ಮೊದಲು ಜಿಗಿಯುವವರು ತಲೆ ಪೂರ್ತಿ ಹೊರಗೆ ಹಾಕಿ ನೋಡಲೇಬೇಕು: ನೇರ ಕೆಳಗೆ, ವಿಮಾನದ ಹೊಟ್ಟೆಯ ಅಡಿಯಿಂದ ಆಚೆ ಬದಿಗೆ, ಆಮೇಲೆ ಮುಂದಕ್ಕೆ. ಕೆಳಗೆ ಮೋಡ ಮುಚ್ಚಿಕೊಂಡಿದ್ದರೆ ಅಥವಾ ವಿಮಾನ ಕಂಡರೆ ಜಿಗಿಯಬಾರದು. ಪೈಲಟ್ ಇನ್ನೊಂದು ಸುತ್ತು ಹಾಕುತ್ತಾನೆ. ಬಾಗಿಲ ಬಳಿ ಪೈಲಟ್ ಹಚ್ಚುವ ಹಸಿರು ದೀಪ ಎಂದರೆ ಜಿಗಿಯಬಹುದು ಎಂದಷ್ಟೇ, ಜಿಗಿಯಲೇಬೇಕು ಎಂದಲ್ಲ.

ಪ್ರಶ್ನೆ: ‘ಎಲ್ಲರೂ ಜಿಗಿದಾಯಿತು’ ಎಂದು ಪೈಲಟ್ ರೇಡಿಯೊದಲ್ಲಿ ಹೇಳಿದ ಮೇಲೆ ಆ ಆಕಾಶ ಬೇರೆಯವರಿಗೆ ಖಾಲಿ ಎಂದುಕೊಳ್ಳಬಹುದೇ?

ಉತ್ತರ: ಖಂಡಿತ ಬೇಡ. ಆ ಮಾತಿನ ಅರ್ಥ ವಿಮಾನ ಖಾಲಿಯಾಯಿತು ಎಂದು, ಆಕಾಶ ಖಾಲಿಯಾಯಿತು ಎಂದಲ್ಲ. 13,000 ಅಡಿಯಿಂದ ಜಿಗಿದವರಿಗೆ ಮೊದಲ 1,000 ಅಡಿಗೆ ಸುಮಾರು 10 ಸೆಕೆಂಡ್, ಆಮೇಲೆ ಪ್ರತಿ 1,000 ಅಡಿಗೆ ಐದೂವರೆ ಸೆಕೆಂಡ್. 3,000 ಅಡಿಗೆ ಬರುವಾಗ ಒಂದು ನಿಮಿಷ ಆಗಿರುತ್ತದೆ. ಪ್ಯಾರಾಚೂಟ್ ಬಿಚ್ಚಿದ ಮೇಲೆ ನಿಮಿಷಕ್ಕೆ ಸರಿಸುಮಾರು 1,000 ಅಡಿ ಇಳಿತ. ಟ್ಯಾಂಡೆಮ್ ಜೋಡಿ (ತರಬೇತುದಾರರೂ ಅವರಿಗೆ ಕಟ್ಟಿಕೊಂಡವರೂ ಒಂದೇ ಪ್ಯಾರಾಚೂಟ್‌ನಲ್ಲಿ) 5,000 ಅಡಿಗೇ ಬಿಚ್ಚುವುದರಿಂದ ಇನ್ನಷ್ಟು ತಡ. ಗುಂಪುಗಳು ಒಂದರ ಹಿಂದೊಂದು ಜಿಗಿಯುವ ಹೊತ್ತನ್ನೂ ಸೇರಿಸಿದರೆ ಏಳೆಂಟು ನಿಮಿಷ ಅಲ್ಲಿ ಜನರಿರುತ್ತಾರೆ.

ಇನ್ನು ಯಾರಾದರೂ ಮೇಲೆಯೇ ಪ್ಯಾರಾಚೂಟ್ ಬಿಚ್ಚಿದರೆ ಲೆಕ್ಕವೆಲ್ಲ ಬುಡಮೇಲು. 4,000 ಮೀಟರ್‌ನಿಂದ ಸೆಕೆಂಡಿಗೆ 5 ಮೀಟರ್‌ನಂತೆ ಇಳಿದರೆ 13 ನಿಮಿಷಕ್ಕೂ ಹೆಚ್ಚು. ಅಷ್ಟರಲ್ಲಿ ಸೆಕೆಂಡಿಗೆ 10 ಮೀಟರ್ ಗಾಳಿ ಬೀಸುತ್ತಿದ್ದರೆ 8 ಕಿ.ಮೀ. ದೂರ ತೇಲಿ ಹೋಗಬಹುದು, ನೋಟಮ್‌ನ ವೃತ್ತದಿಂದ ಹೊರಕ್ಕೆ. ಬೇಕೆಂದೇ ಮೇಲೆ ಬಿಚ್ಚುವವರು ಹತ್ತುವ ಮೊದಲೇ ಪೈಲಟ್‌ಗೆ ಹೇಳಬೇಕು, ಪೈಲಟ್ ಅದನ್ನು ಕಂಟ್ರೋಲರ್‌ಗೆ ತಿಳಿಸಬೇಕು. ಆಕಸ್ಮಿಕವಾಗಿ ಬಿಚ್ಚಿಕೊಂಡರೆ ಕಂಡವರು ತಕ್ಷಣ ರೇಡಿಯೊದಲ್ಲಿ ಹೇಳಬೇಕು.

ಪ್ರಶ್ನೆ: ನಾನು ಸಣ್ಣ ವಿಮಾನ ಹಾರಿಸಲು ಕಲಿಯುತ್ತಿದ್ದೇನೆ. ಡ್ರಾಪ್ ಜೋನ್ ಪಕ್ಕದಲ್ಲಿ ಹಾದುಹೋಗಬೇಕಾದರೆ ಯಾವ ಕಡೆಯಿಂದ ಹೋಗಲಿ?

ಉತ್ತರ: ಸಾಧ್ಯವಾದಷ್ಟು ದೂರದಿಂದ ಹೋಗಿ, ಮೇಲಿಂದ ದಾಟಬೇಡಿ. ಗಾಳಿ ಬರುವ ದಿಕ್ಕಿನ ಬದಿಯಂತೂ ಬೇಡವೇ ಬೇಡ. ಬೀಳುವವರು ನೇರ ಕೆಳಗೆ ಬೀಳುವುದಿಲ್ಲ. ಮೇಲೆ 50 ನಾಟ್ (ಗಂಟೆಗೆ ಸುಮಾರು 93 ಕಿ.ಮೀ.) ಗಾಳಿ ಇದ್ದರೆ ಒಂದು ನಿಮಿಷದಲ್ಲಿ ಸುಮಾರು ಒಂದೂವರೆ ಕಿ.ಮೀ. ಸರಿಯುತ್ತಾರೆ. ಅದಕ್ಕೇ ಅವರನ್ನು ಗಾಳಿ ಬರುವ ಕಡೆಗೆ ಸಾಕಷ್ಟು ಮುಂದೆ ಜಿಗಿಸುತ್ತಾರೆ. ನಕ್ಷೆಯ ಚಿಹ್ನೆಯ ಮೇಲೆ ಯಾರೂ ಇಲ್ಲದಿದ್ದರೂ ಅದರಾಚೆ ಇರಬಹುದು. ಅಲ್ಲಿನ ರೇಡಿಯೊ ಫ್ರೀಕ್ವೆನ್ಸಿಗೆ ಬೇಗ ಬನ್ನಿ, ಜಿಗಿತ ಇದೆಯೇ ಎಂದು ಕೇಳಿ. ಉತ್ತರ ಬರದಿದ್ದರೆ ಜಿಗಿತ ನಡೆಯುತ್ತಿದೆ ಎಂದೇ ತಿಳಿಯಿರಿ.

ಪ್ರಶ್ನೆ: ಜಿಗಿಸಿದ ವಿಮಾನದಿಂದಲೇ ಅಪಾಯ ಇದೆಯೇ?

ಉತ್ತರ: ಇದೆ. ಜನರನ್ನು ಇಳಿಸಿದ ವಿಮಾನ ಬೇಗ ಕೆಳಗೆ ಬರುತ್ತದೆ. ಹೊಟ್ಟೆಯಡಿಯಾಗಿ ಬೀಳುವವರು ಅದಕ್ಕಿಂತ ಕೆಳಗೆ ಇರುತ್ತಾರೆ, ವಿಂಗ್‌ಸೂಟ್ (ಕೈಕಾಲುಗಳ ನಡುವೆ ಬಟ್ಟೆಯ ರೆಕ್ಕೆಯಿರುವ ಉಡುಪು) ಹಾಕಿದವರು ಹಾಗಲ್ಲ. ಅವರು ಒಂದು ಮೀಟರ್ ಇಳಿಯುವಾಗ ಎರಡೂವರೆ ಮೀಟರ್‌ನಷ್ಟು ಮುಂದಕ್ಕೆ ಹಾರಬಲ್ಲರು, ವಿಮಾನದ ಎತ್ತರದಲ್ಲೇ ಹೆಚ್ಚು ಹೊತ್ತು ಉಳಿಯುತ್ತಾರೆ. 2018ರಲ್ಲಿ ಫ್ರಾನ್ಸ್‌ನಲ್ಲಿ ಕೆಳಗಿಳಿಯುತ್ತಿದ್ದ ಜಿಗಿತದ ವಿಮಾನದ ರೆಕ್ಕೆ ಬಡಿದು ವಿಂಗ್‌ಸೂಟ್ ಹಾರಾಟಗಾರರೊಬ್ಬರು ಸತ್ತರು. ವಿಂಗ್‌ಸೂಟ್ ಗುಂಪು ಯಾವ ಬದಿಗೆ ತಿರುಗುತ್ತದೆ, ವಿಮಾನ ಯಾವ ಬದಿಗೆ ಇಳಿಯುತ್ತದೆ ಎಂಬುದನ್ನು ನೆಲದ ಮೇಲೆ, ಹತ್ತುವ ಮೊದಲೇ, ಪೈಲಟ್ ಎದುರಿಗೇ ಮಾತಾಡಿ ಮುಗಿಸಬೇಕು.

ಪ್ರಶ್ನೆ: ಇಳಿಯುವ ಜಾಗ ರನ್‌ವೇ ಪಕ್ಕದಲ್ಲೇ ಇದ್ದರೆ?

ಉತ್ತರ: 2014ರ ಮಾರ್ಚ್‌ನಲ್ಲಿ ಫ್ಲಾರಿಡಾದ ಮಲ್‌ಬೆರಿ ಬಳಿ ಸಣ್ಣ ಸೆಸ್ನಾ ವಿಮಾನವೊಂದು ಇಳಿಯುತ್ತಿದ್ದ ಪ್ಯಾರಾಚೂಟ್‌ಗೆ ತಗುಲಿ ನೆಲಕ್ಕೆ ಬಿತ್ತು. ಪೈಲಟ್, ಜಿಗಿದವರು ಇಬ್ಬರೂ ಬದುಕಿದರು. ರೆಕ್ಕೆ ಮನುಷ್ಯನಿಗೇ ಬಡಿಯಬೇಕಿಲ್ಲ, ತಲೆಯ ಮೇಲೆ ಹಲವು ಮೀಟರ್ ಉದ್ದಕ್ಕೆ ಹೋಗಿರುವ ದಾರಗಳಿಗೆ ಸಿಕ್ಕಿಕೊಂಡರೆ ಸಾಕು. ಆದ್ದರಿಂದ ವಿಮಾನಗಳ ಸುತ್ತು ರನ್‌ವೇಯ ಒಂದು ಬದಿಗೆ, ಪ್ಯಾರಾಚೂಟ್‌ಗಳದ್ದು ಇನ್ನೊಂದು ಬದಿಗೆ ಇರಬೇಕು, ಕೆಳಮಟ್ಟದಲ್ಲಿ ಯಾರೂ ರನ್‌ವೇ ದಾಟಿ ಆಚೆಗೆ ಹೋಗಬಾರದು. ನೆಲದಲ್ಲೊಬ್ಬರು ಬಿಚ್ಚಿಕೊಂಡ ಪ್ಯಾರಾಚೂಟ್‌ಗಳನ್ನು ಎಣಿಸಿ, ವಿಮಾನ ಹತ್ತಿದವರ ಪಟ್ಟಿಗೆ ತಾಳೆ ನೋಡಬೇಕು. ಒಂದು ಕಡಿಮೆ ಬಂದರೂ ಟೇಕಾಫ್ ನಿಲ್ಲಿಸಿ ಹುಡುಕಬೇಕು. ನೆಲ ಮುಟ್ಟಿದವರು ಪ್ಯಾರಾಚೂಟ್ ಬಟ್ಟೆಯನ್ನು ಎದೆಗವಚಿ ಗಟ್ಟಿಯಾಗಿ ಹಿಡಿದುಕೊಂಡೇ ನಡೆಯಲಿ. ಸಡಿಲ ಬಿಟ್ಟರೆ ಪ್ರೊಪೆಲರ್‌ನ ಗಾಳಿಗೆ ಅದು ಮತ್ತೆ ಉಬ್ಬಿಕೊಂಡು ಎಳೆಯುತ್ತದೆ.