ಓದುಗರ ಪ್ರಶ್ನೆ: ನೀರಿನ ಕೂಲರ್‌ನಲ್ಲೇ ಮ್ಯಾಶ್ ಮಾಡಬಹುದಾ?

ಪ್ರಶ್ನೆ: ನಾವು ಸಿಯಾಟಲ್‌ನಲ್ಲಿದ್ದೇವೆ. ಡಬ್ಬದಲ್ಲಿ ಸಿಗುವ ಮಾಲ್ಟ್ ಪಾಕದಿಂದ ಮನೆಯಲ್ಲಿ ನಾಲ್ಕು ಸಲ ಬಿಯರ್ ಮಾಡಿದ್ದೇನೆ. ಈಗ ಬಾರ್ಲಿ ಮಾಲ್ಟ್‌ನಿಂದಲೇ, ಅಂದರೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ ಕಾಳಿನಿಂದಲೇ, ಶುರು ಮಾಡುವ ಆಸೆ. ಮ್ಯಾಶ್ ಮಾಡುವ, ಅಂದರೆ ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿ ಸಿಹಿ ಇಳಿಸುವ, ಸ್ಟೀಲ್ ಪಾತ್ರೆಗಳ ಬೆಲೆ ಕೇಳಿ ಸುಮ್ಮನಾದೆ. ನೀರಿನ ಕೂಲರ್ ಸಾಕು ಎಂದು ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ನಿಜ, ಧಾರಾಳವಾಗಿ ಸಾಕು. ನಾನು ಪೋರ್ಟ್‌ಲ್ಯಾಂಡ್‌ನಲ್ಲಿ ಹನ್ನೊಂದು ವರ್ಷದಿಂದ ಒಂದೇ ಕೂಲರ್‌ನಲ್ಲಿ ಮಾಡುತ್ತಿದ್ದೇನೆ. ಆಟದ ಮೈದಾನದಲ್ಲಿ ಕುಡಿಯುವ ನೀರಿಗೆ ಇಟ್ಟಿರುತ್ತಾರಲ್ಲ, ಕಿತ್ತಳೆ ಬಣ್ಣದ ದುಂಡನೆಯ ಹತ್ತು ಗ್ಯಾಲನ್ ಡಬ್ಬ, ಅದೇ. ಸುಮಾರು 38 ಲೀಟರ್ ಹಿಡಿಯುತ್ತದೆ.

ಮ್ಯಾಶ್ ಪಾತ್ರೆಗೆ ಇರುವುದು ಎರಡೇ ಕೆಲಸ. ಒಂದು ಗಂಟೆ ಬಿಸಿ ಆರದ ಹಾಗೆ ನೋಡಿಕೊಳ್ಳಬೇಕು. ಆಮೇಲೆ ಮಾಲ್ಟ್‌ನ ಸಿಹಿ ಇಳಿದ ನೀರನ್ನು, ಅಂದರೆ ವರ್ಟ್ ಅನ್ನು, ಸೋಸಿ ಕೊಡಬೇಕು. ಮೊದಲನೆಯದನ್ನು ಕೂಲರ್ ಥರ್ಮಾಸ್ ಹಾಗೆ ತಾನೇ ಮಾಡುತ್ತದೆ. ಎರಡನೆಯದಕ್ಕೆ ನಾವು ಸ್ವಲ್ಪ ಕೈ ಕೊಳಕು ಮಾಡಿಕೊಳ್ಳಬೇಕು.

ಕೂಲರ್ ಜೊತೆ ಬರುವ ಪ್ಲಾಸ್ಟಿಕ್ ನಲ್ಲಿಯನ್ನು ಬಿಚ್ಚಿ ತೆಗೆಯಿರಿ. ಅದೇ ತೂತಿಗೆ ಅರ್ಧ ಇಂಚಿನ ಸ್ಟೀಲ್ ಬಾಲ್ ವಾಲ್ವ್ ಕೂರಿಸಿ. ಒಳಗೂ ಹೊರಗೂ ಸಿಲಿಕೋನ್ ವಾಷರ್ ಇರಲಿ. ಇನ್ನು ಸೋಸುವುದಕ್ಕೆ, ಸಿಂಕ್ ಕೆಳಗೆ ನಲ್ಲಿಗೆ ಜೋಡಿಸುವ ಸ್ಟೀಲ್ ಹೆಣಿಗೆಯ ಹೋಸ್ ತನ್ನಿ. ಹೊಸದೇ ಆಗಿರಲಿ. ಲೇಬಲ್ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಎಂದು ಇದೆಯಾ ನೋಡಿ. ಸ್ಟೀಲಿನಂತೆ ಹೊಳೆಯುವ ಪ್ಲಾಸ್ಟಿಕ್ ಹೆಣಿಗೆಯೂ ಬರುತ್ತದೆ. ಎರಡೂ ತುದಿಯನ್ನು ಗರಗಸದಲ್ಲಿ ಕತ್ತರಿಸಿ. ಒಳಗಿನ ರಬ್ಬರ್ ಟ್ಯೂಬನ್ನು ಹಾಗೇ ಎಳೆದರೆ ಬರುವುದಿಲ್ಲ, ಹೆಣಿಗೆ ಇನ್ನೂ ಬಿಗಿಯಾಗುತ್ತದೆ. ಲಂಗದ ನೇಫೆಯನ್ನು ಲಾಡಿಯ ಮೇಲೆ ಸರಿಸಿ ನೆರಿಗೆ ಮಾಡುತ್ತೇವಲ್ಲ, ಹಾಗೆ ಹೆಣಿಗೆಯನ್ನು ಹಿಂದಕ್ಕೆ ತಳ್ಳಿ. ಅದು ಉಬ್ಬುತ್ತದೆ, ಟ್ಯೂಬ್ ಜಾರಿ ಕೈಗೆ ಬರುತ್ತದೆ. ಒಂದು ತುದಿಯನ್ನು ಮಡಚಿ ಇಕ್ಕಳದಲ್ಲಿ ಒತ್ತಿಬಿಡಿ. ಇನ್ನೊಂದು ತುದಿಯನ್ನು ವಾಲ್ವ್‌ನ ಒಳಬದಿಗೆ ಕ್ಲಾಂಪ್ ಹಾಕಿ ಬಿಗಿಯಿರಿ. ಪಾತ್ರೆ ಸಿದ್ಧ. ಬಾಲ್ ವಾಲ್ವ್ ಒಂದೇ ಇದರಲ್ಲಿ ಸ್ವಲ್ಪ ದುಬಾರಿ.

ಆದರೆ ಒಂದು ಮಾತು ನೆನಪಿರಲಿ. ನಿಜವಾಗಿ ಸೋಸುವುದು ಆ ಹೆಣಿಗೆ ಅಲ್ಲ, ಮಾಲ್ಟ್‌ನ ಹೊಟ್ಟು. ಇದು ನನಗೆ ಮೊದಲ ಸಲ ಗೊತ್ತಿರಲಿಲ್ಲ. ಗಿರಣಿ ಇಲ್ಲ ಎಂದು ಮಾಲ್ಟನ್ನು ಮಿಕ್ಸಿಗೆ ಹಾಕಿದೆ, ಹಿಟ್ಟಾಯಿತು. ಒಂದು ಗಂಟೆ ಕಾದು ವಾಲ್ವ್ ತಿರುಗಿಸಿದರೆ ಒಂದು ಹನಿಯೂ ಇಲ್ಲ. ಒಳಗೆ ಅಂಬಲಿ ಹಾಗೆ ಗಟ್ಟಿ ಕೂತಿತ್ತು. ರಾತ್ರಿ ಹತ್ತೂವರೆಗೆ ನಾನು, ನನ್ನ ಹೆಂಡತಿ ಇಬ್ಬರೂ ಮಗ್ಗಿನಲ್ಲಿ ಮೊಗೆದು ಅಡುಗೆಮನೆಯ ಜರಡಿಯಲ್ಲಿ ಸೋಸಿದೆವು. ಆದ್ದರಿಂದ ಮಾಲ್ಟನ್ನು ಅಂಗಡಿಯಲ್ಲೇ ರೋಲರ್ ಗಿರಣಿಗೆ ಹಾಕಿಸಿ. ಕಾಳು ನುಚ್ಚಾಗಬೇಕು, ಸಿಪ್ಪೆ ಇಡಿಯಾಗಿ ಉಳಿಯಬೇಕು. ಗೋಧಿ ಮಾಲ್ಟ್ ಜಾಸ್ತಿ ಇದ್ದರೆ ಅದಕ್ಕೆ ಸಿಪ್ಪೆ ಇರುವುದಿಲ್ಲ, ಎರಡು ಹಿಡಿ ಭತ್ತದ ಹೊಟ್ಟು ಬೆರೆಸಿ. ಈ ಅಂಗಡಿಗಳಲ್ಲಿ ಅದನ್ನೂ ಪೊಟ್ಟಣ ಕಟ್ಟಿ ಮಾರುತ್ತಾರೆ.

ಈಗ ಲೆಕ್ಕ. 19 ಲೀಟರ್ ಬಿಯರ್‌ಗೆ 5 ಕಿಲೋ ಮಾಲ್ಟ್, 14 ಲೀಟರ್ ನೀರು. ಮೊದಲು ಬರೀ ಬಿಸಿನೀರು ಹಾಕಿ ಹತ್ತು ನಿಮಿಷ ಕೂಲರನ್ನು ಕಾಯಿಸಿ, ಚೆಲ್ಲಿ. ಕುದಿಯುವ ನೀರು ಬೇಡ, ಒಳಮೈ ಡೊಂಕಾಗುತ್ತದೆ. ಆಮೇಲೆ 74 ಡಿಗ್ರಿ ಸೆಲ್ಸಿಯಸ್ ನೀರು ಹಾಕಿ, ಮಾಲ್ಟನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ತಿರುವಿ. ಮುದ್ದೆ ತಿರುವಿದವರಿಗೆ ಇದು ಹೇಳಿಕೊಡಬೇಕಿಲ್ಲ. ಗಂಟು ಉಳಿದರೆ ಅದರೊಳಗಿನ ಹಿಟ್ಟು ಒಣಗಿಯೇ ಇರುತ್ತದೆ. ಮಾಲ್ಟ್ ಸುಮಾರು 20 ಡಿಗ್ರಿ ಇದ್ದರೆ ಎಲ್ಲ ಬೆರೆತ ಮೇಲೆ 67 ಡಿಗ್ರಿಗೆ ಬಂದು ನಿಲ್ಲುತ್ತದೆ. 65ಕ್ಕಿಂತ ಕೆಳಗಾದರೆ ಬಿಯರ್ ತೆಳುವಾಗಿ ಸಿಹಿಯೇ ಇಲ್ಲದಂತಿರುತ್ತದೆ, 68 ದಾಟಿದರೆ ಮಂದವಾಗಿ ಸಿಹಿ ಉಳಿಯುತ್ತದೆ. ಹಾಗಾಗಿ ಪಾತ್ರೆಗೆ ಉಳಿಸಿದ ದುಡ್ಡಲ್ಲಿ ಒಳ್ಳೆಯ ಥರ್ಮಾಮೀಟರ್ ಕೊಳ್ಳಿ ಎನ್ನುತ್ತೇನೆ ನಾನು. ಕೆಲವು ಕೂಲರ್‌ಗಳ ಮುಚ್ಚಳ ಒಳಗೆ ಟೊಳ್ಳು, ಬಿಸಿ ಅಲ್ಲಿಂದಲೇ ಹೋಗುತ್ತದೆ. ಮೇಲೊಂದು ಕಂಬಳಿ ಹೊದಿಸಿ.

ಗಂಟೆ ಆದ ಮೇಲೆ ವಾಲ್ವನ್ನು ಕಾಲುಭಾಗ ಮಾತ್ರ ತೆರೆಯಿರಿ. ಆತುರಪಟ್ಟರೆ ಮಾಲ್ಟ್ ಒತ್ತಿ ಕೂತು ಕಟ್ಟಿಕೊಳ್ಳುತ್ತದೆ. ಮೊದಲ ಎರಡು ಮೂರು ಲೀಟರ್ ಕದಡಿರುತ್ತದೆ, ಚೂರುಗಳೂ ಬರುತ್ತವೆ. ಅದನ್ನು ಮೆಲ್ಲಗೆ ಮೇಲಿನಿಂದ ವಾಪಸ್ ಹಾಕಿ. ನೋಡುತ್ತಾ ಇರಿ, ಧಾರೆ ತಿಳಿಯಾಗುತ್ತಾ ಬರುತ್ತದೆ, ಜೇನಿನ ಬಣ್ಣ. ಹನ್ನೊಂದು ವರ್ಷ ಆದರೂ ಆ ಗಳಿಗೆಗೆ ನಾನು ಎಲ್ಲ ಕೆಲಸ ಬಿಟ್ಟು ಕೂಲರ್ ಮುಂದೆ ಕೂರುತ್ತೇನೆ. ಮಾಲ್ಟ್ ಕಿಲೋಗೆ ಹತ್ತಿರ ಹತ್ತಿರ ಒಂದು ಲೀಟರ್ ಕುಡಿಯುವುದರಿಂದ 9 ಲೀಟರ್ ಸಿಗುತ್ತದೆ. ಆಮೇಲೆ 76 ಡಿಗ್ರಿಯ 16 ಲೀಟರ್ ನೀರು ಹಾಕಿ, ತಿರುವಿ, ಇನ್ನೊಮ್ಮೆ ಬಸಿಯಿರಿ. ಇದಕ್ಕಿಂತ ಬಿಸಿಯಾದ ನೀರು ಹಾಕಿದರೆ ಸಿಪ್ಪೆಯ ಒಗರು ಇಳಿಯುತ್ತದೆ.

ಕೂಲರ್ ಕೂಡ ಬೇಡ ಎಂದರೆ ಆಸ್ಟ್ರೇಲಿಯಾದವರು ಕಂಡುಕೊಂಡ ದಾರಿ ಇದೆ. ದೊಡ್ಡ ಬಟ್ಟೆ ಚೀಲದಲ್ಲಿ ಮಾಲ್ಟ್ ಹಾಕಿ ಕುದಿಸುವ ಪಾತ್ರೆಯಲ್ಲೇ ನೆನೆಸುವುದು, ಶ್ರೀಖಂಡಕ್ಕೆ ಮೊಸರು ಕಟ್ಟುವ ಹಾಗೆ ಎತ್ತಿ ತೂಗುಹಾಕುವುದು. ಚೆನ್ನಾಗಿಯೇ ಆಗುತ್ತದೆ. ಆದರೆ ನೆನೆದ ಚೀಲ ಹತ್ತು ಕಿಲೋ ತೂಗುತ್ತದೆ, ಸೊಂಟ ಗಟ್ಟಿ ಇರಬೇಕು.

ಪ್ರಶ್ನೆ: ನಾನಿರುವುದು ತುಮಕೂರಿನ ಹತ್ತಿರದ ಹಳ್ಳಿಯಲ್ಲಿ. ನಾನೂ ಇದನ್ನು ಮಾಡಬಹುದಾ? ಬಾರ್ಲಿ ಬದಲು ರಾಗಿ?

ಉತ್ತರ: ಬಿಯರ್ ಬೇಡ. ಇಲ್ಲಿ ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಬಳಕೆಗೆ ಅವಕಾಶ ಸಿಕ್ಕಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರುವಂತಿಲ್ಲ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಆದರೆ ಮ್ಯಾಶ್ ಅಂದರೇನು ಎಂದು ನೋಡುವುದಕ್ಕೆ ಬಿಯರ್ ಬೇಕಿಲ್ಲ. ಹಸಿ ರಾಗಿಹಿಟ್ಟಿನ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿ, ಬಿಸಿ 65 ಡಿಗ್ರಿಗೆ ಇಳಿಯಲಿ. ರಾಗಿ ಮೊಳಕೆ ಕಟ್ಟಿ ನೆರಳಲ್ಲಿ ಒಣಗಿಸಿ, ಹುರಿಯದೆ ಬೀಸಿದ ಹಿಟ್ಟು ಒಂದೆರಡು ಚಮಚ ಹಾಕಿ ತಿರುವಿ, ಮುಚ್ಚಿಡಿ. ಇಪ್ಪತ್ತು ನಿಮಿಷ ಬಿಟ್ಟು ಸೌಟು ಆಡಿಸಿ ನೋಡಿ. ಗಂಜಿ ನೀರಾಗಿರುತ್ತದೆ, ಸಕ್ಕರೆ ಹಾಕದೆಯೇ ಸಿಹಿಯಾಗಿರುತ್ತದೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡಿದೆ. ನನ್ನ ಕೂಲರ್ ಒಳಗೆ ನಡೆಯುವುದೂ ಇದೇ. ಆಮೇಲೆ ಒಂದು ಕುದಿ ಕುದಿಸಿ ಕುಡಿಯಿರಿ.

ಪ್ರಶ್ನೆ: ಉಳಿದ ಮಾಲ್ಟ್ ಏನು ಮಾಡುತ್ತೀರಿ?

ಉತ್ತರ: ಊರಲ್ಲಾದರೆ ಬೂಸಾ ಜೊತೆ ಹಸುವಿಗೆ ಹೋಗುತ್ತಿತ್ತು. ಇಲ್ಲಿ ಪಕ್ಕದ ಮನೆಯವರ ಕೋಳಿಗಳಿಗೆ ಒಂದು ಬಕೆಟ್ ಕೊಡುತ್ತೇನೆ. ಒಂದೇ ದಿನದಲ್ಲಿ ಹುಳಿ ಬರುತ್ತದೆ, ಅವತ್ತೇ ಕೊಟ್ಟುಬಿಡಬೇಕು. ಒಂದಿಷ್ಟನ್ನು ಓವನ್‌ನಲ್ಲಿ ಗರಿಗರಿಯಾಗಿ ಒಣಗಿಸಿ, ಪುಡಿ ಮಾಡಿ, ನಾಲ್ಕು ಲೋಟ ಗೋಧಿಹಿಟ್ಟಿಗೆ ಒಂದು ಲೋಟ ಬೆರೆಸುತ್ತೇವೆ. ಚಪಾತಿ ಸ್ವಲ್ಪ ಒರಟು, ಆದರೆ ಹುರಿಗಡಲೆಯಂಥ ಘಮ ಬರುತ್ತದೆ.