ಅಜ್ಜಿ ಕೇಳಿದ್ದನ್ನೇ ಹತ್ತು ಸಲ ಕೇಳ್ತಾರೆ, ಸಹನೆ ಬೆಳೆಸ್ಕೊಳ್ಳೋದು ಹೇಗೆ?

ಸಹನೆ ಆಮೇಲೆ ನೋಡ್ಕೊಳ್ಳಿ, ಮೊದಲು ಅವ್ರ ಕಿವಿ ಟೆಸ್ಟ್ ಮಾಡ್ಸಿ. ಟಿವಿ ಜೋರಾಗಿ ಇಡ್ತಾರೆ, ಏನೋ ಕೇಳಿದ್ರೆ ಏನೋ ಹೇಳ್ತಾರೆ ಅಂತ ಬರ್ದಿದೀರಲ್ಲ, ನಮ್ಮಜ್ಜನೇ ಕಣ್ಮುಂದೆ ಬಂದ್ರು.

ನಮ್ದು ಸಾಗರದ ಕಡೆ ಅಡಿಕೆ ತೋಟ. ಮಳೆ ಹಿಡಿಯೋಕ್ ಮುಂಚೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೀಬೇಕು. ಆ ವರ್ಷ ನಾನೇ ಔಷಧಿ ಕೂಡಿಸ್ತೀನಿ ಅಂತ ನಿಂತೆ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ನೀಲಿ ಹರಳು), 1 ಕೆಜಿ ಸುಣ್ಣ, ಅದ್ರಲ್ಲೇನ್ ಮಹಾ. "ಸರಿ ಆಯ್ತಾ ಅಜ್ಜ?" ಅಂದ್ರೆ "ಕತ್ತಿ ತಾ" ಅಂದ್ರು. ಇನ್ನೊಂದ್ಸಲ ಕೇಳಿದ್ರೂ ಕತ್ತಿನೇ. ಅರವತ್ತಕ್ಕೆ ಅರಳು ಮರಳು, ಇವ್ರಿಗೆ ಎಂಬತ್ತಾಯ್ತಲ್ಲ ಅಂತ ನಕ್ಕು, ಔಷಧಿ ಹೊಡೆಯೋ ಕೊನೆಗೌಡನ್ನ ಮರ ಹತ್ಸಿದೆ.

ತೂಕ ಸರಿಯಾಗೇ ಇತ್ತು ನೋಡಿ, ಸುಣ್ಣ ಹಳೇದು. ಚೀಲ ಬಾಯಿ ಬಿಟ್ಕೊಂಡು ಬಿದ್ದಿತ್ತು, ಗಾಳಿ ತಾಗಿ ಸತ್ವ ಹೋಗಿತ್ತು, ಅಂಥ ಸುಣ್ಣ ಅಷ್ಟೇ ತೂಕ ಹಾಕಿದ್ರೆ ತುತ್ತದ ಹುಳಿ ಪೂರ್ತಿ ಮುರಿಯಲ್ಲ. ಅದನ್ನ ನೋಡೋಕೆ ಉಜ್ಜಿದ ಕಬ್ಬಿಣದ ಕತ್ತೀನ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಬೇಕು, ಕೆಂಪಗೆ ತಾಮ್ರ ಹತ್ಕೊಂಡ್ರೆ ಇನ್ನೂ ಒಳ್ಳೆ ಸುಣ್ಣ ಬೇಕು ಅಂತ ಅರ್ಥ. ಅಜ್ಜ ಹೇಳಿದ್ದು ಅದನ್ನೇ. "ಯಾಕೆ ಕತ್ತಿ?" ಅಂತ ಎದುರು ನಿಂತು ಒಂದು ಮಾತು ಕೇಳಿದ್ರೆ ಮುಗೀತಿತ್ತು, ನಾನು ಡ್ರಮ್ಮಿಗೆ ಮುಖ ಹಾಕ್ಕೊಂಡೇ ಗೊಣಗಿದೆ, ಅವ್ರಿಗೆ ಕೇಳಿಸ್ಲಿಲ್ಲ. ಎಳೆಕಾಯಿ ಸುಟ್ಟು ಉದುರಿದ್ವು, ಆ ವರ್ಷದ ಫಸಲಿನ ಕಥೆ ಕೇಳ್ಬೇಡಿ.

ಆಮೇಲೆ ಅಜ್ಜನ್ನ ಮೈಸೂರು ಮಾನಸಗಂಗೋತ್ರಿಲಿರೋ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡ್ ಹೋದ್ವಿ. ವಯಸ್ಸಾದ ಕಿವಿಗೆ ಮೊದಲು ತಪ್ಪೋದು ಸ, ಶ, ತ ಥರದ ತೆಳು ಸದ್ದುಗಳಂತೆ. ಹಾಗಾಗಿ ದನಿ ಕೇಳುತ್ತೆ, ಮಾತು ತಿಳಿಯಲ್ಲ. ಮೆಲ್ಲಗೆ ಅಂದ್ರೆ "ಏನು?", ಕೂಗಿದ್ರೆ "ಯಾಕೆ ಕಿರುಚ್ತೀಯ?", ಅದೂ ಹಠ ಅಲ್ಲ, ಕಿವಿದೇ ತೊಂದ್ರೆ. ಕೇಳದೇ ಇರೋದನ್ನ ಹಾಗೇ ಬಿಟ್ರೆ ಮರೆವಿನ ಕಾಯಿಲೆ ರಿಸ್ಕೂ ಜಾಸ್ತಿ ಅಂತಾರೆ ಡಾಕ್ಟರ್‌ಗಳು.

ಅಜ್ಜಿಗೆ ನಿಜವಾಗ್ಲೂ ಮರೆವು ಇರಬಹುದು, ಇಲ್ಲ ಅನ್ನಲ್ಲ. ಆದ್ರೆ ಅದನ್ನ ನೀವೇ ತೀರ್ಮಾನ ಮಾಡ್ಬೇಡಿ. ಇಎನ್‌ಟಿ ಹತ್ರ ಹೋಗಿ ಮೊದಲು ಗುಗ್ಗೆ ತೆಗ್ಸಿ, ಅಷ್ಟಕ್ಕೇ ಸರಿಹೋಗೋದೂ ಉಂಟು. ಮನೇಲಿ ಟಿವಿ ಆಫ್ ಮಾಡಿ ಎದುರು ಕೂತು ನಿಧಾನಕ್ಕೆ ಮಾತಾಡಿ. ಮತ್ತೆ ಡಾಕ್ಟರ್ ಅಜ್ಜಿನ ಏನಾದ್ರೂ ಕೇಳಿದಾಗ ದಯವಿಟ್ಟು ನೀವು ಬಾಯಿ ಹಾಕ್ಬೇಡಿ.